ಏಳನೆಯ ಮನೆಯ ತಾಯಿಗೆ

ರೆಕ್ಕೆಕೇರಿ, ಕಪ್ಪತಗುಡ್ಡದ ಪಡುವಣ ಇಳಿಜಾರು
ವೈಶಾಖ ನೂರಾ ಏಳನೆಯ ದಿನ, ಮರುಎಣಿಕೆಯ ಎಂಬತ್ತೆಂಟನೆಯ ವರ್ಷ

ಹೆಸರು ತಿಳಿಯದ ತಾಯಿಗೆ ನೀಲಗಂಗವ್ವನ ಶರಣು.

ಮೇಲಿನ ತಾರೀಖು ನೋಡಿ ನೀವು ನಗಬಹುದು. ನಿಮ್ಮ ಪಂಚಾಂಗದಲ್ಲಿ ವೈಶಾಖಕ್ಕೆ ಮೂವತ್ತೇ ದಿನ ಇದ್ದವೆಂದು ಶಾಲೆಯಲ್ಲಿ ನಮಗೂ ಹೇಳಿಕೊಟ್ಟಿದ್ದಾರೆ. ನಮ್ಮಲ್ಲಿ ಮೊದಲ ಮಳೆ ನೆಲ ತೋಯಿಸುವವರೆಗೂ ವೈಶಾಖವೇ. ಮಳೆ ಬಿದ್ದ ಮರುದಿನ ಜ್ಯೇಷ್ಠ. ನಾನು ಮದುವೆಯಾಗಿ ಈ ಕೇರಿಗೆ ಬಂದ ವರ್ಷ ಅದು ಎಂಬತ್ತೊಂದನೆಯ ದಿನಕ್ಕೆ ಮುಗಿದಿತ್ತು, ಹೋದ ವರ್ಷ ನೂರಾ ಇಪ್ಪತ್ತಾಯಿತು. ನಿಮ್ಮ ಎಣಿಕೆಯಲ್ಲಿ ಇದು ಎರಡು ಸಾವಿರದ ನೂರಾ ತೊಂಬತ್ತರ ಹತ್ತಿರದ ಇಸವಿ ಇರಬೇಕು. ನನ್ನ ಕೆಲವು ಮಾತುಗಳು ನಿಮಗೆ ಹೊಸವು ಎನಿಸಿದರೆ ಮನ್ನಿಸಬೇಕು. ಆದಷ್ಟು ಬಿಡಿಸಿ ಹೇಳುತ್ತೇನೆ. ನಾನು ಹತ್ತನೆಯ ಇಯತ್ತೆಯವರೆಗೆ ಓದಿದವಳು. ಕಾಗದ ಬರೆಯುವ ರೂಢಿ ನನಗಿಲ್ಲ. ಇನ್ನೊಬ್ಬರನ್ನು ಏನಾದರೂ ಕೇಳುವ ರೂಢಿಯಂತೂ ಮೊದಲೇ ಇಲ್ಲ. ಆದರೆ ಇದು ಕೇಳುವ ಕಾಗದ. ನಿಮ್ಮ ಮನೆಯ ಬಾಗಿಲ ಚೌಕಟ್ಟಿನ ಒಂದು ಪಟ್ಟಿ ನನ್ನ ಅಂಗಳದಲ್ಲಿ ನಿಂತಿದೆ. ನನ್ನ ಸೊಸೆಯ ಕೂಸಿನ ಕೋಣೆಗೆ ಅದು ಬೇಕು. ನೀವು ಕೊಟ್ಟ ಹೊರತು ಅದನ್ನು ಒಳಗೆ ಒಯ್ಯುವಂತಿಲ್ಲ. ಯಾಕೆ ಒಯ್ಯುವಂತಿಲ್ಲ ಎಂದು ತಿಳಿಸಲು ಸ್ವಲ್ಪ ಹಿಂದಿನಿಂದ ಹೇಳಬೇಕಾಗುತ್ತದೆ.

ನಿಮ್ಮ ಕಾಲದಲ್ಲಿ ಈ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಅವು ನಿಂತ ಮೇಲೆ ಅವುಗಳ ಉದ್ದನೆಯ ಬಿಳಿ ರೆಕ್ಕೆಗಳನ್ನು ಯಾರೂ ಒಯ್ಯಲಿಲ್ಲ. ಅವು ಕರಗುವುದೂ ಇಲ್ಲ, ಉರಿಯುವುದೂ ಇಲ್ಲ. ನಮ್ಮ ಹಿರಿಯರು ಅವನ್ನು ಕೊಯ್ದು, ಬೋರಲು ಹಾಕಿ, ಕೆಳಗೆ ಕಲ್ಲು ಕಟ್ಟಿ ಮನೆ ಮಾಡಿಕೊಂಡರು. ಅದಕ್ಕೇ ಇದು ರೆಕ್ಕೆಕೇರಿ. ನಲವತ್ತೊಂದು ಮನೆಗಳಿವೆ. ಹೊತ್ತು ಏರಿ ನೆರಳು ಕಾಲ ಬುಡಕ್ಕೆ ಬರುವ ಮೊದಲೇ ಬಾಗಿಲು ಹಾಕಿಕೊಂಡರೆ ಮತ್ತೆ ಸಂಜೆ ಐದಕ್ಕೇ ತೆಗೆಯುವುದು. ಆ ಹೊತ್ತಿಗೆ ಮುಚ್ಚುಹೊತ್ತು ಎನ್ನುತ್ತೇವೆ. ಪ್ರತಿ ಮನೆಯಲ್ಲೂ ನೆಲದೊಳಗೆ ಅರ್ಧ ಆಳು ಇಳಿದ ಒಂದು ಕೋಣೆ ಇದೆ, ತಂಪುಕೋಣೆ. ಮನೆಯಲ್ಲಿ ಕೂಸು ಹುಟ್ಟಿದರೆ ಮೊದಲ ಒಂದು ವರ್ಷ ಆ ಕೋಣೆ ಕೂಸಿನದು. ಉಳಿದವರು ಮೇಲೆ ಬೇಯುತ್ತೇವೆ. ಇದು ಕಾನೂನಲ್ಲ, ಯಾರೂ ಹೇಳಿ ಮಾಡಿಸಿದ್ದಲ್ಲ. ಮೇಲೆ ಮಲಗಿಸಿದ ಕೂಸು ವೈಶಾಖ ದಾಟುವುದಿಲ್ಲ ಎಂದು ಎಲ್ಲರಿಗೂ ಗೊತ್ತಿದೆ. ಕೆಳಗೆ ಮಲಗಿಸಿದ ಕೂಸುಗಳೂ ಎಲ್ಲವೂ ದಾಟುವುದಿಲ್ಲ.

ನನ್ನ ಮಗ ರುದ್ರಮುನಿಗೆ ಎರಡು ಕೂಸು ಹೋದವು. ಒಂದು ಹತ್ತೊಂಬತ್ತು ದಿನ ಇತ್ತು, ಇನ್ನೊಂದು ನಾಲ್ಕು ತಿಂಗಳು. ಆ ಎರಡಕ್ಕೂ ಕೋಣೆ ಸಿಂಗರಿಸಿದವಳು ನಾನು. ಎಲ್ಲ ಹೊಸದು. ಹೊಸ ತೊಟ್ಟಿಲು, ಮಗ್ಗದಿಂದ ನೇರ ಬಂದ ಅರಿವೆ, ಮಡಿಕೆ ಬಿಚ್ಚದ ಹಾಸಿಗೆ. ಹಳೆಯದು ನಮ್ಮ ಹೊಸ್ತಿಲು ದಾಟಬಾರದು ಎನ್ನುವುದು ನಾನು ಹಾಕಿದ ಕಟ್ಟು. ಅದಕ್ಕೆ ಕಾರಣವಿದೆ. ನಾನು ಹುಟ್ಟಿದ್ದು ಮಲಪ್ರಭೆಯ ದಂಡೆ ಬಿಟ್ಟು ಬಂದವರ ಶಿಬಿರದಲ್ಲಿ. ಹದಿನಾಲ್ಕು ವರ್ಷದವರೆಗೆ ನಾನು ತೊಟ್ಟದ್ದೆಲ್ಲ ಇನ್ನೊಬ್ಬರು ತೊಟ್ಟು ಬಿಟ್ಟದ್ದು. ಐದನೆಯ ಇಯತ್ತೆಯಲ್ಲಿ ಒಬ್ಬಳು ಎಲ್ಲರೆದುರು ಎದ್ದು ನಿಂತು, “ಅದು ನಂದ ಅಂಗಿ ನೋಡ್ರಿ ಬಾಯಾರ, ತೋಳಿಂದ ಹರಕ ನಮ್ಮವ್ವ ಹೊಲದಾಳ” ಎಂದಳು. ಬಾಯಾರು, ಎಂದರೆ ನಮ್ಮ ಮಾಸ್ತರಿಣಿ, ನನ್ನ ತೋಳು ಎತ್ತಿ ಹರಕು ನೋಡಿ ಹೌದೆಂದರು. ಅಂದಿನಿಂದ ನಾನು ಯಾರ ಮುಂದೆಯೂ ಕೈ ಚಾಚಿಲ್ಲ. ಗಂಡ ಸತ್ತಾಗಲೂ ಇಲ್ಲ. ಹೆಮ್ಮೆಯಿಂದ ಹೇಳುತ್ತಿದ್ದೆ. ಈಗ ಬರೀ ಹೇಳುತ್ತಿದ್ದೇನೆ.

ನಮ್ಮಲ್ಲಿ ಏಳು ಮನೆ ಎಂಬ ಪದ್ಧತಿ ಇದೆ. ನಿಮ್ಮ ಕಾಲದಲ್ಲೂ ಇದರ ಬೇರು ಇತ್ತಂತೆ. ತಿರುಕಪ್ಪ, ಗುಂಡವ್ವ ಎಂಬ ಹೆಸರುಗಳನ್ನು ಕೂಸು ನಿಲ್ಲಲೆಂದೇ ಇಡುತ್ತಿದ್ದರಂತೆ. ಮಕ್ಕಳು ನಿಲ್ಲದ ಮನೆಯಲ್ಲಿ ಮತ್ತೆ ಬಸುರಿಯಾದರೆ, ಕೂಸಿನ ಕೋಣೆಗೆ ಬೇಕಾದುದನ್ನು ಏಳು ಮನೆಗಳಿಂದ ಬೇಡಿ ತರಬೇಕು. ಹುಟ್ಟಿದ ಮಕ್ಕಳೆಲ್ಲ ಐದು ವರ್ಷ ದಾಟಿದ ಮನೆಗಳೇ ಆಗಬೇಕು. ಮನೆಯ ಹಿರಿಯ ಹೆಂಗಸೇ ಹೋಗಬೇಕು. ಹೊಸ್ತಿಲ ಹೊರಗೆ ನಿಂತು, ಸೆರಗು ಒಡ್ಡಿ, ಬಾಯಿ ಬಿಟ್ಟು ಕೇಳಬೇಕು. ಕೊಂಡದ್ದು ನಡೆಯುವುದಿಲ್ಲ, ಆಯ್ದದ್ದು ನಡೆಯುವುದಿಲ್ಲ, ಕದ್ದದ್ದಂತೂ ಇಲ್ಲವೇ ಇಲ್ಲ. ಇದನ್ನು ನಂಬುತ್ತೀರಾ ಎಂದು ನನ್ನನ್ನು ಕೇಳಬೇಡಿ. ನನ್ನ ಸೊಸೆ ದಾಕ್ಷಾಯಣಿ ನಂಬುತ್ತಾಳೋ ಇಲ್ಲವೋ ಅದೂ ನನಗೆ ತಿಳಿಯದು. ಮೂರನೆಯ ಸಲ ಮೂರು ತಿಂಗಳಾದಾಗ ಅವಳು ನನ್ನ ಮುಂದೆ ಬಂದು ಕುಳಿತು, “ಅತ್ತಿ, ಈ ಸಲ ಏಳ ಮನಿ ಮಾಡೂಣ್ರಿ” ಎಂದಳು. ಆರು ವರ್ಷದಲ್ಲಿ ಅವಳು ನನ್ನನ್ನು ಕೇಳಿದ್ದು ಅದೊಂದೇ. ನಾನು ಆಗಲಿ ಎಂದೆ.

ಆಗಲಿ ಎಂದೆ, ಆದರೆ ಹೋಗಲಿಲ್ಲ. ಮೂರು ಸಲ ಸೆರಗು ಸರಿಮಾಡಿಕೊಂಡು ಹೊರಟು ಮೂರು ಸಲವೂ ಕೇರಿಯ ತಿರುವಿನಿಂದ ಹಿಂದೆ ಬಂದೆ. ಕೊನೆಗೆ ಕೆಳಗಿನ ಸಂತೆಗೆ ಹೋಗಿ ನನ್ನ ತವರಿನ ಎರಡು ಕಂಚಿನ ತಂಬಿಗೆ ಕೊಟ್ಟು ಹಳೆಯ ಅರಿವೆಯ ಒಂದು ಗಂಟು ತಂದೆ. ಅದರಲ್ಲಿ ಏಳು ಬಣ್ಣ ಆರಿಸಿ ಕೌದಿ ಹೊಲಿದೆ. ಇದು ಇಂಥವರ ಮನೆಯದು, ಇದು ಅಂಥವರದು ಎಂದು ದಾಕ್ಷಿಗೆ ಹೇಳಿದೆ. ಅವಳು ಒಂದೊಂದು ತುಂಡಿನ ಮೇಲೂ ಕೈ ಆಡಿಸಿ, ಆ ಮನೆಯ ಮಕ್ಕಳ ಹೆಸರು ಹೇಳಿ, ಗೋಡೆಗೆ ತೂಗುಹಾಕಿದಳು. ಅವಳು ಹಾಗೆ ಹೆಸರು ಹೇಳುವಾಗ ನಾನು ಅಲ್ಲಿ ನಿಂತಿದ್ದೆ. ನಿಂತು ಕೇಳಿದೆ.

ಏಳನೆಯ ತಿಂಗಳಲ್ಲಿ ಎದುರುಮನೆಯ ಹುಸೇನಬಿ ಕೋಣೆ ನೋಡಲು ಬಂದಳು. ನನಗಿಂತ ಎರಡು ವರ್ಷ ಚಿಕ್ಕವಳು. ಕೇರಿಯಲ್ಲಿ ನನ್ನನ್ನು ಹೆದರದೆ ಮಾತನಾಡಿಸುವವಳು ಅವಳೊಬ್ಬಳೇ. ಕೌದಿ ಮುಟ್ಟಿ, “ಯವ್ವಾ, ಈ ಹಸರ ಅರಿವಿ ಎಷ್ಟ ಛಂದ ಐತಿ, ಯಾರ ಕೊಟ್ರ?” ಎಂದಳು. ದಾಕ್ಷಿ ನಕ್ಕು, “ನೀವ ಕೊಟ್ಟೀರಂತಲ್ರಿ ಚಾಚಿ” ಎಂದಳು. ಹುಸೇನಬಿ ನನ್ನ ಮುಖ ನೋಡಿದಳು. ಒಳ್ಳೆಯ ಹೆಂಗಸು, ತಕ್ಷಣ ಹಣೆ ಬಡಿದುಕೊಂಡು, “ಹೌದ ಹೌದ, ನಾನ ಕೊಟ್ಟಿದ್ನಿ! ಮುದುಕಿ ಆದ್ನಿ ನೋಡ, ಬೆಳಿಗ್ಗಿ ಉಂಡದ್ದು ನೆನಪಿರಾಂಗಿಲ್ಲ” ಎಂದಳು. ಆದರೆ ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದಕ್ಕೂ ಅಭ್ಯಾಸ ಬೇಕು.

ಅವಳು ಹೋದ ಮೇಲೆ ದಾಕ್ಷಿ ತುಂಬಿದ ಹೊಟ್ಟೆ ಹೊತ್ತು ಮೆಟ್ಟಿಲು ಹತ್ತಿ ಇಳಿದು ಕೋಣೆಯಲ್ಲಿದ್ದುದನ್ನೆಲ್ಲ ಒಂದೊಂದಾಗಿ ಅಂಗಳಕ್ಕೆ ತಂದಿಟ್ಟಳು. ಕೌದಿಯನ್ನು ಚೊಕ್ಕ ಮಡಚಿ ನನ್ನ ಕೈಗೆ ಕೊಟ್ಟಳು. “ನಿಮಗ ಕೈ ಚಾಚಾಕ ಆಗೂದಿಲ್ಲ ಅನ್ನೂದು ನನಗ ಗೊತ್ತಿತ್ರಿ ಅತ್ತಿ. ಆಗೂದಿಲ್ಲ ಅಂತ ಬಾಯಿಬಿಟ್ಟ ಹೇಳಿದ್ರ ನನಗ ಬ್ಯಾಸರ ಇರ್ತಿದ್ದಿಲ್ಲ. ಸುಳ್ಳ ಯಾಕ ಹೇಳಿದ್ರಿ? ಇದು ನನ್ನ ಕೂಸ ಐತ್ರಿ. ನಿಮ್ಮ ಮಾನ ಅಲ್ಲ.” ಅಷ್ಟು ಹೇಳಿ, ಈ ಕೋಣೆಯಲ್ಲಿ ಕೂಸು ಮಲಗಿಸುವುದಿಲ್ಲ, ಮೇಲೆಯೇ ಮಲಗಿಸುತ್ತೇನೆ ಎಂದಳು. ಬಾಣಂತಿತನ ವೈಶಾಖದಲ್ಲೇ ಬೀಳುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ರುದ್ರಮುನಿ ಹೇಳಿ ನೋಡಿದ, ಹುಸೇನಬಿ ಹೇಳಿ ನೋಡಿದಳು. ದಾಕ್ಷಿ ಹಠ ಮಾಡುವವಳಲ್ಲ. ಅವಳಿಗೆ ಆ ಕೋಣೆಯ ಭಯ ಹಿಡಿದಿತ್ತು. ಎರಡು ಸಲ ಅಲ್ಲಿಂದ ಖಾಲಿ ಕೈಯಲ್ಲಿ ಮೇಲೆ ಬಂದಿದ್ದಾಳೆ. ಮೂರನೆಯ ಸಲ ಒಳಗೆ ಇಳಿಯಲು ಅವಳಿಗೆ ಏನಾದರೂ ಒಂದು ಹಿಡಿತ ಬೇಕಿತ್ತು. ಆ ಹಿಡಿತವನ್ನೇ ನಾನು ಸಂತೆಯಲ್ಲಿ ಕೊಂಡು ತಂದಿದ್ದೆ.

ಮರುದಿನ ಮುಚ್ಚುಹೊತ್ತಿಗೆ ಮೊದಲೇ ಹುಸೇನಬಿಯ ಮನೆ ಮುಂದೆ ಹೋಗಿ ನಿಂತೆ. ಅವಳು ಒಳಗೆ ಬಾ ಎಂದಳು. ಬರುವಂತಿಲ್ಲ ಎಂದೆ. ಅವಳಿಗೆ ತಿಳಿಯಿತು. ಬಾಗಿಲಿಗೆ ಒರಗಿ ನಿಂತು, “ಹಂಗಾದ್ರ ಕೇಳ ನೀಲಗಂಗಕ್ಕ, ಸಾವಕಾಶ ಕೇಳ. ನಿನ್ನ ಬಾಯಿಂದ ಇದನ್ನ ಕೇಳಾಕ ನಲವತ್ತ ವರ್ಷ ಕಾದೀನಿ” ಎಂದಳು. ಸೆರಗು ಒಡ್ಡಿದೆ. ಬಾಯಿಂದ ಮಾತು ಹೊರಟಿತೋ ಇಲ್ಲವೋ ನೆನಪಿಲ್ಲ. “ಏನ, ಕೇಳಿಸಲಿಲ್ಲ” ಎಂದಳು ಆ ದುಷ್ಟೆ. ಎರಡನೆಯ ಸಲ ಜೋರಾಗಿಯೇ ಹೇಳಿದೆ. ಪಕ್ಕದ ಮನೆಯವರು ಇಣುಕಿದರು. ಅವಳು ನಿಜವಾಗಿ ಹಸಿರು ದುಪಟ್ಟಾ ಒಂದನ್ನು ಹುಡುಕಿ ತಂದು ಸೆರಗಿಗೆ ಹಾಕಿದಳು, ಆಮೇಲೆ ಅಳತೊಡಗಿದಳು. “ಯಾಕ ಅಳ್ತಿ, ಕೇಳಿದಾಕಿ ನಾನು” ಎಂದೆ.

ಆಮೇಲಿನ ನಾಲ್ಕು ಮನೆ ಅಷ್ಟು ಕಷ್ಟವಾಗಲಿಲ್ಲ. ಮನುಷ್ಯನಿಗೆ ಎಲ್ಲವೂ ರೂಢಿಯಾಗುತ್ತದೆ. ಒಬ್ಬರು ಹಳೆಯ ಕೊಡೆಯ ಕರಿ ಅರಿವೆ ಕೊಟ್ಟರು, ಕಿಂಡಿಗೆ ಪರದೆಯಾಯಿತು. ಬಿಸಿಲು ಬಿದ್ದಾಗ ಅದರ ಸಣ್ಣ ತೂತುಗಳು ಗೋಡೆಯ ಮೇಲೆ ಚುಕ್ಕೆ ಇಡುತ್ತವೆ. ಒಬ್ಬರು ಅರ್ಧ ಗಡಿಗೆ ಕೆಮ್ಮಣ್ಣು ಕೊಟ್ಟರು. ಸುಣ್ಣ ಬಳಿದ ಗೋಡೆಯ ಕೆಳಗೆ ಮೊಳಕಾಲೆತ್ತರಕ್ಕೆ ಅದರ ಪಟ್ಟಿ ಎಳೆದು, ಬೆರಳಿನಿಂದ ಜೋಳದ ತೆನೆ ಬರೆದೆ. ಮೂಲೆಮನೆಯ ಮುದುಕ ತನ್ನ ಮೊಮ್ಮಗಳಿಗೆ ಮಾಡಿದ್ದ ದಂಟಿನ ಬೆಂಡಿನ ಬಂಡಿಯನ್ನೇ ಕೊಟ್ಟ. ಗಾಲಿ ಒಂದು ಮುರಿದಿತ್ತು, ಮಾಡಿ ಹಾಕಿದೆ. ಐದನೆಯ ಮನೆಯಿಂದ ಬಂದದ್ದು ಬಾಟಲಿ ಮುಚ್ಚಳಗಳ ಸರ. ಕೆಂಪು, ನೀಲಿ, ಹಳದಿ. ನಿಮ್ಮ ಕಾಲದವೇ ಅವು. ನೀವು ನೀರು ಕುಡಿದು ಎಸೆದ ಮುಚ್ಚಳಗಳು ನಮ್ಮಲ್ಲಿ ತೊಟ್ಟಿಲ ಮೇಲೆ ತೂಗುತ್ತವೆ, ಗಾಳಿ ಬಂದರೆ ಟಕಟಕ ಎನ್ನುತ್ತವೆ. ಬಣ್ಣ ಇನ್ನೂ ಮಾಸಿಲ್ಲ. ಇದನ್ನು ಚುಚ್ಚಲು ಹೇಳುತ್ತಿಲ್ಲ. ನಿಮ್ಮನ್ನು ಬೈದು ಬರೆದವರು ಬೇಕಾದಷ್ಟು ಜನ ಇದ್ದಾರೆ, ನನಗೆ ಅಷ್ಟು ಶಕ್ತಿ ಇಲ್ಲ.

ಆರನೆಯದು ಫಕೀರವ್ವನ ಮನೆ. ಹನ್ನೊಂದು ವರ್ಷದಿಂದ ನಮಗೂ ಅವಳಿಗೂ ಮಾತಿಲ್ಲ. ತಪ್ಪು ನನ್ನದು. ಅವಳ ಒಂಬತ್ತನೆಯ ಕೂಸು ಬಡಕಲಾಗಿ ಹುಟ್ಟಿದಾಗ ಅವಳು ನಮ್ಮ ಬಾಗಿಲಿಗೆ ಬಂದು ಒಂದು ತುಂಡು ಅರಿವೆ ಬೇಡಿದ್ದಳು. ನನ್ನ ರುದ್ರಮುನಿ ಒಬ್ಬನೇ ಮಗ, ಗಟ್ಟಿಯಾಗಿ ಬೆಳೆದವನು. ಆಗ ನಮ್ಮದೂ ಮಕ್ಕಳು ನಿಂತ ಮನೆಯೇ ಆಗಿತ್ತು. ನಾನು ಕೊಡಲಿಲ್ಲ. ಕೊಡದೆ ಸುಮ್ಮನೆ ಒಳಗೆ ಹೋಗಬಹುದಿತ್ತು, ಹೋಗಲಿಲ್ಲ. ಈಗ ಅವಳು ನನ್ನನ್ನು ಹೊಸ್ತಿಲ ಹೊರಗೆ ನಿಲ್ಲಿಸಿ, ಹಿಟ್ಟು ನಾದುವುದನ್ನು ಪೂರಾ ಮುಗಿಸಿ, ಕೈ ತೊಳೆದು ಬಂದಳು. “ಅವತ್ತ ನೀವು ಏನಂದಿದ್ರಿ, ನೆನಪ ಐತೇನ್ರಿ?” ಎಂದಳು. ಇದೆ ಎಂದೆ. “ಅಂದ ತೋರಸ್ರಿ ಮತ್ತ.” ಕೇರಿಯ ಹೆಂಗಸರು ನಿಂತಿದ್ದರು. ನಾನು ಅಂದೆ: “ನಮ್ಮ ಮನ್ಯಾಗ ಬೇಡೂ ಪದ್ಧತಿನೂ ಇಲ್ಲ, ಬೇಡಿದವರಿಗೆ ನೀಡೂ ಪದ್ಧತಿನೂ ಇಲ್ಲ.” ಹನ್ನೊಂದು ವರ್ಷದ ಹಿಂದೆ ಆ ಮಾತು ನನ್ನ ಬಾಯಲ್ಲಿ ಎಷ್ಟು ಚೆನ್ನಾಗಿ ಕೇಳಿಸಿತ್ತು! ಫಕೀರವ್ವ “ಹಾಂ, ಹಿಂಗ ಅಂದಿದ್ರಿ. ನಾನ ಎಲ್ಲಿ ತಪ್ಪ ಕೇಳಿಸ್ಕೊಂಡೇನೋ ಅಂತ ಮಾಡಿದ್ನಿ” ಎಂದು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ತೊಟ್ಟಿಲನ್ನೇ ಎಳೆದು ತಂದಳು. ಒಂಬತ್ತು ಮಕ್ಕಳು ಮಲಗಿದ ತೊಟ್ಟಿಲು, ಅಂಚು ಹಲ್ಲಿನಿಂದ ಕಡಿದದ್ದು. “ಒಯ್ರಿ. ಒಂಬತ್ತ ಮಂದಿ ಉಚ್ಚಿ ಹೊಯ್ದದ್ದೈತಿ. ತೊಳೀಬ್ಯಾಡ್ರಿ ಮತ್ತ, ಗುಣ ಇರೂದ ಅದರಾಗ.” ಎಲ್ಲರೂ ನಕ್ಕರು. ನನಗೂ ನಗು ಬಂತು, ಯಾಕೆ ಬಂತೋ. ತೊಟ್ಟಿಲನ್ನು ಅವಳ ಹೆಣ್ಣುಮಕ್ಕಳಿಬ್ಬರು ನಮ್ಮ ಮನೆಗೆ ಹೊತ್ತು ತಂದರು. ನಾನು ಅದನ್ನು ತೊಳೆದಿಲ್ಲ.

ಏಳನೆಯ ಮನೆ ಸಿಗಲಿಲ್ಲ. ಕೊಡುವವರಿಲ್ಲವೆಂದಲ್ಲ, ಅಂಥ ಮನೆಯೇ ಇಲ್ಲ. ನಲವತ್ತೊಂದು ಮನೆಗಳಲ್ಲಿ ಹುಟ್ಟಿದ ಮಕ್ಕಳೆಲ್ಲ ಐದು ದಾಟಿದ ಮನೆ ಆರೇ ಇವೆ. ಇದು ನಮಗೆ ಗೊತ್ತಿರಲಿಲ್ಲ ಎಂದಲ್ಲ. ಆದರೆ ಹೀಗೆ ಬಾಗಿಲಿಂದ ಬಾಗಿಲಿಗೆ ಯಾರೂ ಎಣಿಸಿರಲಿಲ್ಲ. ಕೆಳಗಿನ ಎರಡು ಕೇರಿಗಳಿಗೂ ಹೋದೆ. ಇದ್ದ ಮನೆಗಳು ಬೇರೆಯವರಿಗೆ ಕೊಟ್ಟು ಬರಿದಾಗಿದ್ದವು, ಒಂದು ವರ್ಷದಲ್ಲಿ ಒಂದು ಮನೆ ಒಬ್ಬರಿಗೇ ಕೊಡಬಹುದು. ದಾಕ್ಷಿ ಆರು ವಸ್ತುಗಳನ್ನು ಕೋಣೆಗೆ ಇಳಿಸಿಕೊಂಡಳು. ದಿನಾಲೂ ಕಸ ಹೊಡೆದು ಮೇಲೆ ಬರುತ್ತಾಳೆ. ಅಲ್ಲಿ ಕೂರುವುದಿಲ್ಲ. ನನ್ನನ್ನು ಏನೂ ಕೇಳುವುದೂ ಇಲ್ಲ.

ನಿಮ್ಮ ಊರುಗಳ ಕಸ ಗುಡ್ಡೆ ಬಿದ್ದ ಜಾಗಗಳನ್ನು ಈಗ ಅಗೆದು ಬೇಕಾದುದನ್ನು ತೆಗೆಯುತ್ತಾರೆ. ಅದಕ್ಕೆ ಅಗಿತ ಎಂದು ಹೆಸರು. ಹುಬ್ಬಳ್ಳಿ ಕಡೆಯ ಅಗಿತದ ಮಾಲು ಗದಗಿನ ಕಟ್ಟೆಗೆ ಬಂದು ಇಳಿಯುತ್ತದೆ, ಬೇಕಾದವರು ಅಲ್ಲಿಂದ ಒಯ್ಯುತ್ತಾರೆ. ಹದಿನೈದು ದಿನದ ಹಿಂದೆ ಅಲ್ಲಿಗೆ ಹೋಗಿದ್ದೆ, ತೊಟ್ಟಿಲಿಗೆ ಹಗ್ಗ ಬೇಕಿತ್ತು. ಅಲ್ಲಿ ಮೂರು ಸುತ್ತು ಪ್ಲಾಸ್ಟಿಕ್ ಹಾಳೆ ಸುತ್ತಿ ಅಂಟುಪಟ್ಟಿ ಹಚ್ಚಿದ ಒಂದು ಕಟ್ಟು ಬಿದ್ದಿತ್ತು. ಬಿಚ್ಚಿದರೆ ಸಾಗವಾನಿ ಪಟ್ಟಿ, ಮೇಲೆ ಕೆನೆಬಣ್ಣ. ಬಾಗಿಲ ಚೌಕಟ್ಟಿನ ಒಂದು ಮಗ್ಗುಲು. ಅದರ ಮೇಲೆ ಮೊನೆಯಿಂದ ಗೀರಿದ ಗೆರೆಗಳು, ಪ್ರತಿ ಗೆರೆಯ ಪಕ್ಕ ಧೃತಿ ಎಂಬ ಹೆಸರು, ವಯಸ್ಸು. ಒಂದು ವರ್ಷ, ಎರಡು ವರ್ಷ, ಹೀಗೆ. ಆರು ವರ್ಷದ ಹತ್ತಿರ ಎರಡು ಗೆರೆ ಇವೆ. ಮೇಲಿನದನ್ನು ಹೊಡೆದುಹಾಕಿ ಪಕ್ಕದಲ್ಲಿ “ಕಳ್ಳಿ, ಹಿಮ್ಮಡಿ ಎತ್ತಿದ್ದಾಳೆ” ಎಂದು ಬರೆದಿದ್ದೀರಿ. ಬರೆದವರು ನೀವೇ ಎಂದುಕೊಂಡಿದ್ದೇನೆ. ಅಕ್ಷರ ತಾಯಿಯದೇ.

ನಾನು ಬಿಸಿಲಲ್ಲಿ ಅಲ್ಲೇ ಕುಳಿತುಬಿಟ್ಟೆ. ಐದು ದಾಟಿದ ಮಗು. ಗೆರೆ ಸಮೇತ ಸಾಕ್ಷಿ. ಏಳನೆಯ ಮನೆ.

ಆದರೆ ಕಟ್ಟೆ ನೋಡಿಕೊಳ್ಳುವ ಹೆಂಗಸು ಹಾಗೇ ಒಯ್ಯಲು ಬಿಡಲಿಲ್ಲ. ಹೆಸರು ಇರುವ ವಸ್ತು ತೆಗೆದುಕೊಂಡವರು ಆ ಹೆಸರಿನವರಿಗೆ ಒಂದು ಕಾಗದ ಬರೆದು ಅದು ಸಿಕ್ಕ ಅಗಿತದ ಕುಣಿಯಲ್ಲಿ ಇಡಬೇಕೆಂದು ಅಲ್ಲಿನ ರೂಢಿ. ಹಿನ್ನೋಲೆ ಎನ್ನುತ್ತಾರೆ. ಮೂರು ದಿನದಲ್ಲಿ ಯಾರೂ ಬಂದು ಬೇಡ ಎನ್ನದಿದ್ದರೆ ಕೊಟ್ಟಂತೆ. ಇಲ್ಲಿಯವರೆಗೆ ಯಾರೂ ಬಂದಿಲ್ಲವಂತೆ. ಮಂದಿ ಎರಡು ಸಾಲು ಗೀಚಿ ಮುಗಿಸುತ್ತಾರೆ. ಇದೆಂಥ ಹುಚ್ಚು ಎಂದು ನಾನೂ ಆಡಿಕೊಂಡವಳೇ. “ನಾಳೆ ಬರದ ಕೊಟ್ಟೇನು” ಎಂದು ಮಾತು ಕೊಟ್ಟು ಪಟ್ಟಿಯನ್ನು ಬಂಡಿಯಲ್ಲಿ ಹಾಕಿಕೊಂಡು ಬಂದೆ.

ದಾಕ್ಷಿ ಅದನ್ನು ಅಂಗಳದಲ್ಲಿ ಗೋಡೆಗೆ ಒರಗಿಸಿ ನೆಲಕ್ಕೆ ಕುಳಿತು ಕೆಳಗಿನಿಂದ ಓದಿದಳು. ಒಂದೊಂದು ಗೆರೆಗೂ ಬೆರಳಿಟ್ಟಳು. ಹಿಮ್ಮಡಿಯ ಮಾತು ಓದಿ ನಕ್ಕಳು. ಎಷ್ಟೋ ದಿನಗಳ ಮೇಲೆ ಅವಳು ನಕ್ಕದ್ದು ಕೇಳಿದೆ. “ಎಂಥಾಕಿ ಇರಬೇಕ್ರಿ ಅತ್ತಿ ಇಕಿ!” ಎಂದಳು. ಆಮೇಲೆ ಎದ್ದು ನಿಂತು ಮೇಲುಮೇಲಕ್ಕೆ ನೋಡುತ್ತ ಹೋದಳು. ಏಳು, ಎಂಟು, ಒಂಬತ್ತು. ನಾಲ್ಕು ಅಡಿ ಎರಡು ಇಂಚು. ಅದರ ಮೇಲೆ ಏನೂ ಇಲ್ಲ. ಪಟ್ಟಿ ಇನ್ನೂ ಮೂರು ಅಡಿ ಇದೆ, ಬರೀ ಬಣ್ಣ. ಅವಳ ಕೈ ಅಲ್ಲೇ ನಿಂತಿತು. “ಒಂಬತ್ತಕ್ಕ ನಿಂತೈತಲ್ರಿ.”

ನಾನು ಹೇಳಬಹುದಾಗಿತ್ತು. ಆ ಹುಡುಗಿ ಬೆಳೆದು ದೊಡ್ಡವಳಾದಳು, ನಾಲ್ಕು ಮಕ್ಕಳ ತಾಯಾದಳು, ಕಟ್ಟೆಯಲ್ಲಿ ವಿಚಾರಿಸಿದೆ ಎಂದು. ನಾಲಿಗೆಯ ತುದಿಗೆ ಬಂದಿತ್ತು. ಗೊತ್ತಿಲ್ಲ ಎಂದೆ. ಪದ್ಧತಿಗೆ ಐದು ವರ್ಷ ದಾಟಿದರೆ ಸಾಕಲ್ಲ ಎಂದೆ. “ಪದ್ಧತಿಗೆ ಸಾಕ್ರಿ, ತಾಯಿಗೆ ಸಾಕೇನ್ರಿ?” ಎಂದಳು. ಅವಳೇ ಮತ್ತೆ, “ಇಷ್ಟ ಜ್ವಾಕಿಲೆ ಸುತ್ತಿಟ್ಟಾರ. ಹೋದವರದ್ದ ಹಿಂಗ ಸುತ್ತಿ ಇಡತಾರ” ಎಂದಳು. ಮೊದಲ ಕೂಸಿನ ಕುಲಾವಿಯನ್ನು ಅವಳು ಹೇಗೆ ಸುತ್ತಿಟ್ಟಿದ್ದಾಳೆಂದು ನನಗೆ ಗೊತ್ತಿದೆ. ಆಮೇಲೆ ಅವಳು ನನ್ನ ಕಡೆ ತಿರುಗಿ ಹೇಳಿದಳು: “ಅವರನ್ನ ಕೇಳ್ರಿ ಅತ್ತಿ. ನೀವ ಕೇಳ್ರಿ. ಸುಳ್ಳ ಹೇಳದನ ಕೇಳ್ರಿ.”

ಎರಡು ವಾರವಾಯಿತು, ಈ ಕಾಗದ ಬರೆಯುತ್ತ, ಹರಿಯುತ್ತ. ಕಟ್ಟೆಯ ಹೆಂಗಸು ಎರಡು ಸಲ ಹೇಳಿಕಳಿಸಿದಳು. ಸೂಲಗಿತ್ತಿ ಇನ್ನು ಎಂಟು ಹತ್ತು ದಿನ ಎನ್ನುತ್ತಾಳೆ. ಮಳೆಯ ಸುಳಿವಿಲ್ಲ. ಕೋಣೆ ಸಿದ್ಧವಿದೆ. ಬಾಗಿಲ ಪಕ್ಕ ಏಳಡಿ ಜಾಗ ಬಿಟ್ಟು ಸುಣ್ಣ ಬಳಿದಿದ್ದೇನೆ. ದಾಕ್ಷಿ ನಿನ್ನೆ ಮೊದಲ ಸಲ ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ಕುಳಿತಿದ್ದಳು, ತೊಟ್ಟಿಲ ಹಗ್ಗ ಹಿಡಿದು. ನನ್ನನ್ನು ನೋಡಿ ಎದ್ದು ಬಂದಳು. ನೀವು ಕೊಟ್ಟಿರೆಂದು ಹೇಳಿದರೆ ಅವಳು ಇಳಿಯುತ್ತಾಳೆ, ಅದು ನನಗೆ ಗೊತ್ತು. ಮೂರು ದಿನ ಕಳೆದ ಮೇಲೆ ಯಾರೂ ಬರಲಿಲ್ಲ, ಕೊಟ್ಟಂತೆಯೇ ಆಯಿತು ಎಂದು ಹೇಳಬೇಕು. ಅಷ್ಟು ಮಾತ್ರ ಹೇಳುತ್ತೇನೆ. ಗೆರೆ ಒಂಬತ್ತಕ್ಕೆ ಯಾಕೆ ನಿಂತಿತೆಂದು ನಾನು ಅಂದುಕೊಂಡಿರುವುದನ್ನು, ಎರಡು ಕೂಸು ಕಳೆದುಕೊಂಡ ಅವಳ ಮುಂದೆ ಹೇಗೆ ಹೇಳಲಿ?

ನಾನೂ ಒಬ್ಬನನ್ನು ಬೆಳೆಸಿದವಳು, ತಾಯಿ. ಇಲ್ಲಿ ಐದು ವರ್ಷದವರೆಗೆ ಪ್ರತಿ ಹುಣ್ಣಿಮೆಗೂ ಮಕ್ಕಳನ್ನು ಹಗ್ಗದಿಂದ ಅಳೆದು ಗಂಟು ಹಾಕುತ್ತೇವೆ. ರುದ್ರಮುನಿಗೆ ಐದು ತುಂಬಲು ಇನ್ನೆರಡು ತಿಂಗಳಿದ್ದಾಗ ನಾನು ಮರೆತೆ. ಮುಂದಿನ ಹುಣ್ಣಿಮೆಗೂ ಮರೆತೆ. ಅವನು ಎಲ್ಲೋ ಗುಡ್ಡದ ಮೇಲೆ ಓಡುತ್ತಿದ್ದ, ಕರೆದರೆ ಬರುತ್ತಿರಲಿಲ್ಲ, ನನಗೆ ರೊಟ್ಟಿ ಬಡಿಯುವುದಿತ್ತು. ಆ ಹಗ್ಗ ಎಲ್ಲಿ ಹೋಯಿತೋ ಈಗ ನೆನಪಿಲ್ಲ. ನನ್ನ ಬದುಕಿನಲ್ಲಿ ಅಂಥ ಸುಖದ ತಿಂಗಳು ಮತ್ತೆ ಬರಲಿಲ್ಲ, ಆಗ ಅದು ಸುಖ ಎಂದೂ ತಿಳಿದಿರಲಿಲ್ಲ.

ಈ ಕಾಗದ ನಿಮಗೆ ಮುಟ್ಟುವುದಿಲ್ಲ, ಅಷ್ಟು ತಿಳಿಯದವಳಲ್ಲ ನಾನು. ಆದರೂ ಈಗ ಕಾಗದವನ್ನು ಪಕ್ಕಕ್ಕಿಟ್ಟು ಅಂಗಳಕ್ಕೆ ಹೋಗಿ, ಆ ಪಟ್ಟಿಯ ಮುಂದೆ ನಿಂತು, ಸೆರಗು ಒಡ್ಡಿ ಬಂದೆ. ಹುಸೇನಬಿ ತನ್ನ ಬಾಗಿಲಿನಿಂದ ನೋಡಿದಳು. ಮಕ್ಕಳು ನಿಂತ ಮನೆಯ ತಾಯಿ, ನಿಮ್ಮ ಮನೆಯ ಹಳೆಯದೊಂದು ನಮ್ಮ ಕೂಸಿಗೆ ನೀಡಿ ಎಂದು ಪದ್ಧತಿಯ ಮಾತು ಹೇಳಿದೆ. ಪದ್ಧತಿಯಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತೇನೆ. ಪಟ್ಟಿ ಕೊಡದಿದ್ದರೆ ಬಿಡಿ, ಅದು ಮರ. ನೀವು ಆ ಹುಡುಗಿಯನ್ನು ಒಂಬತ್ತಾದ ಮೇಲೆ ಅಳೆಯದೆ ಬಿಟ್ಟದ್ದು ಕೆಲಸದ ಗಡಿಬಿಡಿಯಲ್ಲಿ ಆಗಿರಲಿ, ಬೇಸರ ಬಂದು ಆಗಿರಲಿ, ಅವಳು ನಿಲ್ಲಲು ಒಲ್ಲೆ ಎಂದು ಓಡಿಹೋಗಿ ಆಗಿರಲಿ. ಇಷ್ಟೇ ಬೇಡುತ್ತೇನೆ.

ನೀಲಗಂಗವ್ವ